ತೊಟ್ಟಿಲು ಹತ್ತುವ ಸಿರವಾರ ಸೀಮೆಯ ಹುಡುಗಿಯರಿಗೆ



ಸಿರವಾರ, ಕವಿತಾಳ, ಕಲ್ಲೂರು, ಮಲ್ಲಟ ಕಡೆಯ ಹೈಸ್ಕೂಲು, ಪಿಯು ಕಾಲೇಜುಗಳಲ್ಲಿ ಓದುವ ನಿಮಗೆ ಈ ಪತ್ರ. ನಾನು ಬಟ್ಟೆ ಹೊಲಿಯುವವಳು. ನಿಮ್ಮಲ್ಲಿ ಎಷ್ಟೋ ಜನರ ಯೂನಿಫಾರ್ಮಿನ ಅಳತೆ ನನ್ನ ನೋಟ್‌ಬುಕ್ಕಿನಲ್ಲಿದೆ. ಡಿಸೆಂಬರಿನಲ್ಲಿ ಪ್ರವಾಸದ ಬಸ್ಸು ಹೊರಡುವ ಮುಂಚೆ ಬರುತ್ತೀರಿ. ಆಮೇಲೆ ಭಾರತ ಹುಣ್ಣಿಮೆಯ ನೀರಮಾನ್ವಿ ಯಲ್ಲಮ್ಮನ ಜಾತ್ರೆ ಹತ್ತಿರವಾದಾಗ ಮತ್ತೊಮ್ಮೆ ಬರುತ್ತೀರಿ. ತೋಳು ಇಷ್ಟಿರಲಿ, ಘೇರು ಜಾಸ್ತಿ ಇಡು, ವೇಲಿಗೆ ಲೇಸು ಹಚ್ಚು ಅನ್ನುತ್ತೀರಿ. ನಾನೂ ಸಂತೋಷದಿಂದ ಹೊಲಿದು ಕೊಡುತ್ತೇನೆ. ಆ ಬಟ್ಟೆ ತೊಟ್ಟುಕೊಂಡೇ ನೀವು ಜೈಂಟ್ ವೀಲ್ ಹತ್ತುತ್ತೀರಿ, ಗಿರಗಿರ ತಿರುಗುವ ಟೊರಾಟೊರಾದಲ್ಲಿ ಕೂರುತ್ತೀರಿ, ಹೈದರಾಬಾದಿಗೆ ಹೋದರೆ ನೀರಿನ ಜಾರುಬಂಡೆಯಲ್ಲಿ ಜಾರುತ್ತೀರಿ. ಹತ್ತಬೇಕು, ಕೂರಬೇಕು, ಜಾರಬೇಕು. ಆದರೆ ಬಟ್ಟೆಗೂ ತಿರುಗುವ ಯಂತ್ರಕ್ಕೂ ಆಗದು. ಇದು ಗೊತ್ತಿದ್ದೂ ಹೇಳದೆ ಕೂರಲು ನನ್ನಿಂದ ಆಗುತ್ತಿಲ್ಲ.

2023ರ ಜನವರಿ 28, ರಥಸಪ್ತಮಿಯ ದಿನ. ಶ್ರೀರಂಗಪಟ್ಟಣದಲ್ಲಿ ರಂಗನಾಥಸ್ವಾಮಿಯ ಉತ್ಸವಕ್ಕೆ ಜನ ನೆರೆದಿದ್ದರು. ಬೆಂಗಳೂರಿನಿಂದ ಬಂದಿದ್ದ ಒಬ್ಬ ಹುಡುಗಿ, ಹೆಚ್ಚುಕಮ್ಮಿ ನಿಮ್ಮದೇ ವಯಸ್ಸು, ಜೈಂಟ್ ವೀಲ್ ಹತ್ತಿದಳು. ತಿರುಗುವಾಗ ಕೂದಲು ಕಬ್ಬಿಣಕ್ಕೆ ಸಿಕ್ಕಿ ತಲೆಯ ಚರ್ಮವೇ ಕಿತ್ತು ಬಂತು. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಕನೌಜ್ ಜಿಲ್ಲೆಯ ಒಂದು ಮೇಳದಲ್ಲಿ ಇನ್ನೊಬ್ಬ ಹುಡುಗಿಗೆ ಅಕ್ಷರಶಃ ಇದೇ ಆಯಿತು. ಎರಡೂ ಕಡೆ ಜನ ನೋಡುತ್ತ ನಿಂತಿದ್ದರು. ಎರಡೂ ಕಡೆ ಚಕ್ರ ನಿಲ್ಲುವ ಹೊತ್ತಿಗೆ ಆಗುವುದು ಆಗಿಹೋಗಿತ್ತು.

ಇದು ಹೇಗೆ ಆಗುತ್ತದೆ ಅಂತ ತಿಳಿದುಕೊಳ್ಳಿ. ತಿಳಿದರೆ ಯಾರೂ ಬೆನ್ನು ಹತ್ತಿ ಹೇಳಬೇಕಾಗಿಲ್ಲ. ಜಾತ್ರೆಯ ಚಕ್ರದಲ್ಲಿ ನೀವು ಕೂರುವ ತೊಟ್ಟಿಲು ಮೇಲಿನ ಒಂದು ಸರಳಿಗೆ ನೇತಾಡುತ್ತಿರುತ್ತದೆ. ಚಕ್ರ ಸುತ್ತುತ್ತದೆ, ತೊಟ್ಟಿಲು ಮಾತ್ರ ನೆಟ್ಟಗೆ ಇರುತ್ತದೆ. ಅಂದರೆ ಆ ಸರಳು ಮತ್ತು ಚಕ್ರದ ತೋಳು ಕೂಡುವ ಜಾಗದಲ್ಲಿ ಕಬ್ಬಿಣ ಕಬ್ಬಿಣದ ಮೇಲೆ ಸದಾ ತಿರುಗುತ್ತಿರುತ್ತದೆ. ಆ ಸಂದು ನಿಮ್ಮ ತಲೆಯಿಂದ ಬಹಳ ದೂರವಿಲ್ಲ. ಚಕ್ರ ಕೆಳಗಿಳಿಯುವಾಗ ಹೊಟ್ಟೆಯಲ್ಲಿ ಕಚಗುಳಿ ಆಗುತ್ತದಲ್ಲ, ಆ ಹೊತ್ತಿಗೆ ಗಾಳಿ ಕೆಳಗಿನಿಂದ ಮೇಲಕ್ಕೆ ಬಡಿಯುತ್ತಿರುತ್ತದೆ. ಬಿಟ್ಟ ಕೂದಲು ಮೇಲಕ್ಕೆ ಹಾರುತ್ತದೆ. ಹಾರಿ ಅದೇ ಸಂದಿಗೆ ಹೋಗುತ್ತದೆ. ಒಂದು ಕೂದಲೆಳೆ ಸುಮಾರು 100 ಗ್ರಾಂ ಭಾರ ತಡೆಯುತ್ತದೆ. ತಲೆಯಲ್ಲಿ ಲಕ್ಷದ ಆಸುಪಾಸು ಎಳೆಗಳಿರುತ್ತವೆ. ಐದು ಸಾವಿರ ಎಳೆಯ ಒಂದು ಹಿಡಿ ಸಿಕ್ಕರೆ 500 ಕಿಲೋ ಭಾರಕ್ಕೂ ಹರಿಯಲಿಕ್ಕಿಲ್ಲ. ಆದರೆ ತಲೆಯ ಚರ್ಮ ಮತ್ತು ಬುರುಡೆಯ ನಡುವೆ ಒಂದು ಸಡಿಲವಾದ ಪದರವಿದೆ. ಕೂದಲು ಹರಿಯುವ ಮೊದಲೇ ಆ ಪದರ ಬಿಟ್ಟುಕೊಡುತ್ತದೆ. ಗಟ್ಟಿ ಕೂದಲು ಚೆಂದ ಅನ್ನುತ್ತೇವೆ. ಯಂತ್ರದ ಮುಂದೆ ಆ ಗಟ್ಟಿತನವೇ ಅಪಾಯ.

ನಮ್ಮ ಸೀಮೆಯ ಹೆಂಗಸರಿಗೆ ಇದು ಹೊಸ ವಿಷಯವೇ ಅಲ್ಲ. ರಾಯಚೂರು ಹತ್ತಿಯ ಜಿಲ್ಲೆ. ನಮ್ಮವ್ವ ಹತ್ತಿ ಜಿನ್ನಿಂಗ್ ಮಿಲ್ಲಿಗೆ ಹೋಗುತ್ತಿದ್ದಳು. ಬೆಳಿಗ್ಗೆ ಕೂದಲಿಗೆ ಎಣ್ಣೆ ಹಚ್ಚಿ ಒಂದು ಎಳೆಯೂ ಹೊರಗೆ ಉಳಿಯದ ಹಾಗೆ ತುರುಬು ಕಟ್ಟುವಳು. ಅದರ ಮೇಲೆ ಟವೆಲ್ ಸುತ್ತಿ ತುದಿಯನ್ನು ಕಿವಿಯ ಹಿಂದೆ ಒಳಕ್ಕೆ ಸಿಕ್ಕಿಸುವಳು. ಸೀರೆಯ ಮೇಲೆ ಅಪ್ಪನ ಹಳೆಯ ಅಂಗಿ ತೊಟ್ಟು, ಸೆರಗನ್ನು ಅಂಗಿಯೊಳಗೆ ಸೇರಿಸಿ, ಕೆಳಗಿನಿಂದ ಮೇಲಿನ ತನಕ ಎಲ್ಲ ಗುಂಡಿ ಹಾಕಿಕೊಳ್ಳುವಳು. ಬಳೆಗಳನ್ನು ಮೊಣಕೈ ಕಡೆ ಸರಿಸಿ ತೋಳಿನ ಬಟ್ಟೆಯಿಂದ ಮುಚ್ಚುವಳು. ಈಗಲೂ ಹತ್ತಿ ಬಿಡಿಸಲು ಹೊಲಕ್ಕೆ ಹೋಗುವವರು ಸೀರೆಯ ಮೇಲೆ ಅಂಗಿ ತೊಡುವುದನ್ನು ನೀವೂ ದಿನಾ ನೋಡುತ್ತೀರಿ. ತೊಗರಿ, ಜೋಳದ ರಾಶಿ ಮಷಿನ್ ಹತ್ತಿರ ನಿಂತ ಹೆಂಗಸರನ್ನು ನೋಡಿ, ಒಬ್ಬಳ ಸೆರಗೂ ಹಾರುತ್ತಿರುವುದಿಲ್ಲ. ಅವರಿಗೆ ಯಾವ ಬೋರ್ಡೂ ಬೇಡ. ಮಷಿನ್ ಎಲ್ಲಿದ್ದರೂ ಮಷಿನ್ನೇ, ಅದಕ್ಕೆ ಬಣ್ಣಬಣ್ಣದ ಬಲ್ಬು ಹಾಕಿ ಹಾಡು ಹಚ್ಚಿದರೂ ಅದು ಬದಲಾಗುವುದಿಲ್ಲ ಎನ್ನುವುದನ್ನು ನಮ್ಮವ್ವ ಹೇಳಿಕೊಟ್ಟಿದ್ದಳು.

ಸರ್ಕಾರಕ್ಕೂ ಇದು ಗೊತ್ತಿತ್ತು. 1948ರ ಕಾರ್ಖಾನೆಗಳ ಕಾಯ್ದೆಯ 22ನೇ ಕಲಮಿನಲ್ಲಿ, ತಿರುಗುತ್ತಿರುವ ಯಂತ್ರವನ್ನು ಪರೀಕ್ಷಿಸುವ, ಅದಕ್ಕೆ ಎಣ್ಣೆ ಬಿಡುವ ಕೆಲಸಗಾರ ಮೈಗೆ ಬಿಗಿಯಾದ ಉಡುಪು ತೊಟ್ಟಿರಬೇಕು, ಆ ಉಡುಪನ್ನು ಕಾರ್ಖಾನೆ ನಡೆಸುವವರೇ ಕೊಡಬೇಕು ಎಂದು ಬರೆದಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಬೈಕಿನ ಹಿಂದೆ ಕೂರುವವರ ಬಟ್ಟೆ ಚಕ್ರಕ್ಕೆ ಸಿಗಬಾರದೆಂದು ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗ ಮುಚ್ಚಿರಬೇಕು ಅನ್ನುತ್ತದೆ. ನಾವು ಸೀರೆ ಗಾರ್ಡ್ ಅನ್ನುವುದು ಅದನ್ನೇ. ಈ ಎರಡು ನಿಯಮ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಈಗ ವೇಲಿನ ಮಾತು. ವೇಲು ಜಾರಬಾರದೆಂದು ಎರಡೂ ಭುಜಕ್ಕೆ ಪಿನ್ನು ಹಾಕಿಕೊಳ್ಳುತ್ತೀರಿ. ಶಾಲೆಗೆ ಅದು ಸರಿ. ಆದರೆ ಪಿನ್ನು ಹಾಕಿದ ವೇಲು ಯಂತ್ರಕ್ಕೆ ಸಿಕ್ಕಾಗ ಬಿಟ್ಟು ಬರುವುದಿಲ್ಲ, ಕುತ್ತಿಗೆಗೆ ಬಿಗಿಯುತ್ತದೆ. ಹಾಗೆಂದು ಪಿನ್ನು ತೆಗೆದು ಕುತ್ತಿಗೆಗೆ ಒಂದು ಸುತ್ತು ಹಾಕಿದರೆ ಅದು ಇನ್ನೂ ಕೆಟ್ಟದ್ದು. ಸೊಂಟಕ್ಕೆ ಕಟ್ಟಿಕೊಂಡರೂ ತುದಿಗಳು ಹಾರಾಡುತ್ತವೆ. ಆಟ ಹತ್ತುವ ಮುಂಚೆ ವೇಲು ಪೂರ್ತಿ ತೆಗೆದು ಮಡಚಿ ಚೀಲದೊಳಗೆ ಇಡುವುದೊಂದೇ ದಾರಿ. ವೇಲಿಲ್ಲದೆ ಮುಜುಗರ ಅನ್ನುವವರು ನಿಮ್ಮಲ್ಲಿ ಬಹಳ ಜನ ಇದ್ದೀರಿ, ಅದು ನನಗೆ ಅರ್ಥವಾಗುತ್ತದೆ. ಕೆಲವು ಶಾಲೆಗಳಲ್ಲಿ ಈಗ ವೇಲಿನ ಬದಲು ಟಾಪಿನ ಮೇಲೆ ತೋಳಿಲ್ಲದ ಕೋಟು ಬಂದಿದೆ. ಪ್ರವಾಸಕ್ಕೂ ಅದನ್ನೇ ಹಾಕಿಕೊಳ್ಳಿ. ಇಲ್ಲದವರು ಹಳೆಯ ಬಟ್ಟೆ ತಂದು ಕೊಟ್ಟರೆ ಮುಂದೆ ಗುಂಡಿಯಿರುವ ಕೋಟು ನಾನು ಹೊಲಿದು ಕೊಡುತ್ತೇನೆ. ಹಿಜಾಬ್ ಕಟ್ಟುವ ತಂಗಿಯರು ಉದ್ದದ ಸ್ಕಾರ್ಫನ್ನು ಪಿನ್ನಿನಿಂದ ನಿಲ್ಲಿಸುವ ಬದಲು, ತಲೆಯ ಮೇಲಿನಿಂದ ತೊಡುವ ಬನಿಯನ್ ಬಟ್ಟೆಯದನ್ನು ಹಾಕಿ, ಅದರ ಕೆಳಭಾಗವನ್ನು ಟಾಪಿನೊಳಗೆ ಸೇರಿಸಿಕೊಳ್ಳಿ. ತಲೆಯೂ ಮುಚ್ಚಿರುತ್ತದೆ, ಕೂದಲೂ ಭದ್ರ.

ಟಾಪು ಮೊಣಕಾಲಿನ ತನಕ ಸಾಕು. ಕೆಳಗೆ ಲೆಗಿನ್ಸ್ ಅಥವಾ ಕಣಕಾಲಿಗೆ ಹಿಡಿದು ನಿಲ್ಲುವ ಪ್ಯಾಂಟು. ನೆಲ ಬಳಿಯುವ ಅನಾರ್ಕಲಿ, ಪಲಾಜೊ, ಲಂಗ ದಾವಣಿ ಆ ದಿನ ಬೇಡ. ಪ್ಯಾಂಟಿನ ನಾಡಾ, ಕೋಟಿನ ಲಾಡಿ ಹೊರಗೆ ನೇತಾಡಬಾರದು. ಇನ್ನು ಕೂದಲು. ದಿನವೂ ಎರಡು ಜಡೆ ಹೆಣೆದು, ಮೇಲಕ್ಕೆ ಮಡಚಿ, ರಿಬ್ಬನ್ ಕಟ್ಟಿ ಶಾಲೆಗೆ ಹೋಗುತ್ತೀರಲ್ಲ, ತಿರುಗುವ ಆಟಕ್ಕೆ ಅದಕ್ಕಿಂತ ಒಳ್ಳೆಯ ಕೇಶಾಲಂಕಾರ ಇಲ್ಲ. ರಿಬ್ಬನ್ನಿನ ತುದಿ ಗಿಡ್ಡ ಇರಲಿ, ಅಷ್ಟೇ. ಪ್ರವಾಸದ ದಿನ ಮಾತ್ರ ಕೂದಲು ಬಿಡುವ ಆಸೆ ಎಲ್ಲರಿಗೂ ಇರುತ್ತದೆ. ಫೋಟೊ ತೆಗೆಸಿಕೊಳ್ಳುವಾಗ ಬಿಡಿ, ಟಿಕೆಟ್ ಸಾಲಿನಲ್ಲಿ ನಿಂತಾಗ ಒಬ್ಬರಿಗೊಬ್ಬರು ಹೆಣೆದು ಕಟ್ಟಿ. ಒಂದೇ ರಬ್ಬರ್ ಬ್ಯಾಂಡಿನ ಪೋನಿಟೇಲ್ ಸಾಲದು. ಕಟ್ಟಿದ ಮೇಲೂ ಅದರ ಬಾಲ ಹಾರುತ್ತದೆ.

ಜಾತ್ರೆಗೆ ಹೋದೊಡನೆ ಬಳೆ ಇಡಿಸಿಕೊಳ್ಳುವುದು ನಮ್ಮ ಕಡೆಯ ರೂಢಿ. ಆ ಕ್ರಮವನ್ನು ತಿರುಗಿಸಿ: ಮೊದಲು ಜೈಂಟ್ ವೀಲ್, ಆಮೇಲೆ ಬಳೆ. ಗಾಜಿನ ಬಳೆ ತೊಟ್ಟ ಕೈಯಿಂದ ಕಬ್ಬಿಣದ ಸರಳು ಬಿಗಿ ಹಿಡಿದು ಕೂತಾಗ ಒಂದು ಜೋರು ಕುಲುಕು ಬಂದರೆ ಬಳೆ ಒಡೆದು ಮಣಿಕಟ್ಟಿಗೇ ನೆಡುತ್ತದೆ. ಕುತ್ತಿಗೆಯ ಕರಿದಾರ, ತಾಯಿತ, ಐಡಿ ಕಾರ್ಡಿನ ದಾರ ಟಾಪಿನೊಳಗೆ ಇರಲಿ. ಜೋತಾಡುವ ಜುಮಕಿ ಬಿಚ್ಚಿ ಗೆಳತಿಯ ಪರ್ಸಿನಲ್ಲಿಡಿ. ಚಪ್ಪಲಿ ಕೆಳಗೇ ಬಿಡಿ, ಇಲ್ಲವೆಂದರೆ ಹಿಮ್ಮಡಿಗೆ ಪಟ್ಟಿಯಿರುವುದನ್ನು ಹಾಕಿ. ನಲವತ್ತು ಅಡಿ ಮೇಲಿಂದ ಬಿದ್ದ ಚಪ್ಪಲಿ ಕೆಳಗೆ ನಿಂತ ಮಗುವಿನ ತಲೆಗೆ ಬೀಳುತ್ತದೆ. ಮೊಬೈಲಿಗೂ ಇದೇ ಮಾತು. ಮೇಲೆ ಹೋದಾಗ ಸೆಲ್ಫಿಗೆಂದು ಒಂದು ಕೈ ಬಿಟ್ಟು ಹೊರಗೆ ಬಾಗುವುದು ಬೇಡವೇ ಬೇಡ.

ಗೋ-ಕಾರ್ಟ್ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ನೋಡಲು ಅದು ಎಲ್ಲಕ್ಕಿಂತ ನಿರಪಾಯ ಅನಿಸುತ್ತದೆ. ನೆಲಕ್ಕೆ ಹತ್ತಿದ ಪುಟ್ಟ ಗಾಡಿ, ಬೀಳುವ ಭಯವಿಲ್ಲ. ಆದರೆ ಎಂಜಿನ್ನೂ ಹಿಂದಿನ ಚಕ್ರದ ಆಕ್ಸಲ್ಲೂ ನಿಮ್ಮ ಬೆನ್ನ ಹಿಂದೆಯೇ ಇರುತ್ತವೆ. ಗಾಡಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಆ ಆಕ್ಸಲ್ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಮಾರುದ್ದದ ವೇಲಾಗಲಿ, ಸೊಂಟದ ತನಕದ ಕೂದಲಾಗಲಿ ಸುತ್ತಿಕೊಳ್ಳಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. 2018ರ ಫೆಬ್ರುವರಿಯಲ್ಲಿ ಹರಿಯಾಣದ ಪಿಂಜೋರಿನಲ್ಲಿ ಮನೆಯವರ ಜೊತೆ ಬಂದಿದ್ದ ಒಬ್ಬ ತಾಯಿ ಹೀಗೆ ಸತ್ತಳು. 2020ರ ಅಕ್ಟೋಬರಿನಲ್ಲಿ ಹೈದರಾಬಾದಿನ ಗುರ್ರಂಗೂಡದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗಿ ಸತ್ತಳು. ಹೈದರಾಬಾದ್ ನಮ್ಮವರು ಆಸ್ಪತ್ರೆಗೆ, ಮದುವೆ ಬಟ್ಟೆಗೆ, ಪ್ರವಾಸಕ್ಕೆ ಹೋಗಿಬರುವ ಊರು. ಅಲ್ಲಿ ಗೋ-ಕಾರ್ಟ್ ಹತ್ತುವುದಾದರೆ ಜಡೆಯನ್ನು ಟಾಪಿನೊಳಗೆ, ಬೆನ್ನಿಗೆ ಅಂಟುವಂತೆ ಇಳಿಬಿಡಿ. ಹೆಲ್ಮೆಟ್ಟಿನ ಪಟ್ಟಿ ಗದ್ದಕ್ಕೆ ಬಿಗಿಯಾಗಿರಲಿ. ಎಂಜಿನ್ನಿಗೆ ಮುಚ್ಚಳವೇ ಇಲ್ಲದ ಗಾಡಿಯಾದರೆ ಹತ್ತಲೇಬೇಡಿ, ದುಡ್ಡು ಹೋದರೆ ಹೋಗಲಿ.

ನೀರಿನ ಆಟಗಳಲ್ಲಿ ಲೆಕ್ಕ ಬೇರೆ. 2016ರಲ್ಲಿ ಹೈದರಾಬಾದಿನ ರಾವಿರ್ಯಾಲದಲ್ಲಿ ವಂಡರ್‌ಲಾ ಪಾರ್ಕ್ ತೆರೆದ ಮೇಲೆ ಈ ಭಾಗದವರಿಗೆ ಇಂಥ ಆಟಗಳು ಹತ್ತಿರವಾದವು. ಅಲ್ಲಿ ನೈಲಾನಿನಂಥ ಸಿಂಥೆಟಿಕ್ ಬಟ್ಟೆ ತೊಟ್ಟರೆ ಮಾತ್ರ ನೀರಿಗೆ ಬಿಡುತ್ತಾರೆ. ಇದು ವ್ಯಾಪಾರದ ತಂತ್ರ ಎಂದು ಗೊಣಗುವವರಿದ್ದಾರೆ. ಬಟ್ಟೆಯ ಗುಣ ಬಲ್ಲವಳಾಗಿ ಹೇಳುತ್ತೇನೆ, ಅದರಲ್ಲಿ ಅರ್ಥವಿದೆ. ಹತ್ತಿ ಬಟ್ಟೆ ನೀರು ಕುಡಿಯುತ್ತದೆ. ಎರಡೂವರೆ ಮೀಟರಿನ ಚೂಡಿದಾರ್ ನೆನೆದರೆ ಒಗೆದು ಹಿಂಡುವಾಗ ಎಷ್ಟು ಭಾರ ಎನ್ನುವುದು ನಿಮಗೇ ಗೊತ್ತು. ಅಲೆಯೇಳುವ ಕೊಳದಲ್ಲಿ ಆ ಭಾರ ಕಾಲಿಗೆ ಸುತ್ತಿಕೊಳ್ಳುತ್ತದೆ, ಈಜು ಬಾರದವಳನ್ನು ಎಳೆಯುತ್ತದೆ. ಜಾರುಬಂಡೆಯಲ್ಲಿ ಹತ್ತಿ ಬಟ್ಟೆ ಅಂಟಿಕೊಂಡು ನಡುವೆಯೇ ನಿಲ್ಲಿಸುತ್ತದೆ, ಹಿಂದಿನಿಂದ ಜಾರಿ ಬಂದವಳ ಕಾಲು ಬೆನ್ನಿಗೆ ಬಡಿಯುತ್ತದೆ. ಜೀನ್ಸಿನ ತಾಮ್ರದ ಗುಂಡಿ, ಲೋಹದ ಝಿಪ್ಪು ಬಂಡೆಯನ್ನೂ ಗೀರುತ್ತವೆ, ಮೈಯನ್ನೂ ಗೀರುತ್ತವೆ. ನೈಲಾನ್ ಅಂದೊಡನೆ ಗಿಡ್ಡ ಬಟ್ಟೆ ಅಂದುಕೊಳ್ಳಬೇಡಿ. ಉದ್ದ ತೋಳಿನ ನೈಲಾನ್ ಟೀ ಶರ್ಟು, ಕಣಕಾಲಿನ ತನಕ ನೈಲಾನ್ ಲೆಗಿನ್ಸ್ ತೊಟ್ಟು ಮೈ ಪೂರ್ತಿ ಮುಚ್ಚಿಕೊಂಡೇ ಆಡಬಹುದು. ಇದನ್ನು ಮನೆಯಿಂದಲೇ ಒಯ್ದರೆ ಅಲ್ಲಿ ಕೊಳ್ಳುವ ಖರ್ಚೂ ಉಳಿಯುತ್ತದೆ. ಕಾಲುಗೆಜ್ಜೆ ಬಿಚ್ಚಿಡಿ. ಕೊಳದ ತಳದಲ್ಲೋ ಗೋಡೆಯಲ್ಲೋ ನೀರು ಎಳೆದುಕೊಳ್ಳುವ ಜಾಲರಿ ಇರುತ್ತದೆ. ಅದರ ಹತ್ತಿರ ಮುಳುಗಿ ಆಡಬೇಡಿ. ಆ ಸೆಳೆತಕ್ಕೆ ಬಿಟ್ಟ ಕೂದಲು ಒಳಗೆ ಹೋಗಿ ಗಂಟುಬಿದ್ದರೆ ತಲೆ ಮೇಲೆತ್ತಲು ಆಗುವುದಿಲ್ಲ.

ಯಾವ ಆಟವೇ ಆಗಲಿ, ಬೆಲ್ಟು, ಕಂಬಿ ಹಾಕಿದ ಮೇಲೆ ಆಟ ನಡೆಸುವವರು ನೋಡಿದರು ಎಂದು ಬಿಡದೆ ನೀವೇ ಒಮ್ಮೆ ಎಳೆದು ನೋಡಿ. ಎತ್ತರದ ನಿಯಮ ಇಟ್ಟಿರುವುದು ಆ ಕಂಬಿ ಎಷ್ಟು ದೊಡ್ಡ ಮೈಯನ್ನು ಹಿಡಿದಿಡಬಲ್ಲದು ಎಂದು ನೋಡಿ. ಚಿಕ್ಕ ತಂಗಿಯನ್ನು ತುದಿಗಾಲಲ್ಲಿ ನಿಲ್ಲಿಸಿ ದಾಟಿಸಬೇಡಿ. ಮೂರ್ಛೆ, ಎದೆಯ ತೊಂದರೆ, ಈಚೆಗೆ ಆಪರೇಶನ್ ಆದವರು ಟೀಚರಿಗೆ ಮೊದಲೇ ಹೇಳಿ. ಯಲ್ಲಮ್ಮನ ಉಪವಾಸ ಮಾಡಿದವರು ಏನಾದರೂ ಹೊಟ್ಟೆಗೆ ಹಾಕಿಕೊಂಡೇ ಹತ್ತಿ.

ಇಷ್ಟೆಲ್ಲ ಹೇಳಿದ್ದು ನಿಮ್ಮ ಕೈಯಲ್ಲಿರುವುದನ್ನು. ಇನ್ನು ನಿಮ್ಮ ಕೈಯಲ್ಲಿ ಇಲ್ಲದ್ದು. ಇಂಥ ಅವಘಡವೊಂದು ಆದೊಡನೆ ಊರಿನ ಕಟ್ಟೆಯ ಮೇಲೆ ಬರುವ ಮೊದಲ ಮಾತು, "ಹೆಣ್ಣುಡುಗಿ ಕೂದ್ಲಾ ಬಿಟಗೊಂಡು ಯಾಕ ಹತ್ತಬೇಕಿತ್ತು?" ಈ ಮಾತನ್ನು ಒಪ್ಪಬೇಡಿ. 2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾದಲ್ಲಿ ಉಯ್ಯಾಲೆಯಂತೆ ತೂಗುವ ಆಟದ ಕಬ್ಬಿಣದ ತೋಳೇ ಮುರಿದು ಬಿತ್ತು. ಬೆಲ್ಟ್ ಕಟ್ಟಿಕೊಂಡೇ ಕೂತಿದ್ದವರಲ್ಲಿ ಇಬ್ಬರು ಸತ್ತರು, ಇಪ್ಪತ್ತಕ್ಕೂ ಹೆಚ್ಚು ಜನ ಗಾಯಗೊಂಡರು. 2018ರ ಮೇ ತಿಂಗಳಲ್ಲಿ ನಮಗೆ ಅಷ್ಟೇನೂ ದೂರವಲ್ಲದ ಅನಂತಪುರದಲ್ಲಿ ಜೈಂಟ್ ವೀಲಿನ ತೊಟ್ಟಿಲು ಕಳಚಿ ಬಿದ್ದು ಹತ್ತು ವರ್ಷದ ಹುಡುಗಿ ತೀರಿಕೊಂಡಳು. 2025ರ ಏಪ್ರಿಲಿನಲ್ಲಿ ದೆಹಲಿಯ ಕಾಪಸ್‌ಹೇಡಾದಲ್ಲಿ ರೋಲರ್ ಕೋಸ್ಟರಿನಿಂದ ಬಿದ್ದು 24 ವರ್ಷದ ಯುವತಿ ಸತ್ತಳು. ಇವರ್ಯಾರ ಸಾವಿಗೂ ಅವರ ಬಟ್ಟೆ ಕಾರಣವಲ್ಲ. ಮತ್ತೆ ಶ್ರೀರಂಗಪಟ್ಟಣದ ಆ ಮಗು? ಕೂದಲು ಹೋಗುವಷ್ಟು ಸಂದು ತಲೆಯ ಹತ್ತಿರ ತೆರೆದೇ ಇತ್ತಲ್ಲ, ಅದಕ್ಕೆ ಒಂದು ಜಾಲರಿ ಇದ್ದಿದ್ದರೆ? ಬೈಕಿನ ಚಕ್ರ ಮುಚ್ಚಬೇಕಾದ್ದು ಬೈಕಿನ ಕಂಪನಿ, ಮಿಲ್ಲಿನ ಕೆಲಸಗಾರನಿಗೆ ಉಡುಪು ಕೊಡಬೇಕಾದ್ದು ಮಿಲ್ಲಿನವರು ಎಂದು ಕಾನೂನು ಬರೆದವರಿಗೆ ತಿಳಿದಿತ್ತು. ಜಾತ್ರೆಯ ತೊಟ್ಟಿಲಿಗೂ ಅದೇ ನ್ಯಾಯ ಬೇಕು. ಕಬ್ಬಿಣಕ್ಕೆ ನ್ಯಾಯ ಅನ್ಯಾಯ ತಿಳಿಯುವುದಿಲ್ಲ, ಅದಕ್ಕೇ ನೀವು ಜಡೆ ಕಟ್ಟಿ. ಆದರೆ ತಪ್ಪನ್ನು ನಿಮ್ಮ ಜಡೆಯ ಮೇಲೆ ಹಾಕಲು ಯಾರನ್ನೂ ಬಿಡಬೇಡಿ. ಅದಕ್ಕಿಂತ ಹೆಚ್ಚಾಗಿ, ಇದೇ ನೆಪದಲ್ಲಿ "ಮುಂದಿನ ವರ್ಷದಿಂದ ಹುಡುಗಿಯರಿಗೆ ಪ್ರವಾಸವೇ ಬೇಡ" ಅನ್ನುವವರಿಗೆ ಈ ಪತ್ರವನ್ನು ತೋರಿಸಿ.

ಹತ್ತುವ ಮುಂಚೆ ಎರಡು ಸುತ್ತು ಸುಮ್ಮನೆ ನಿಂತು ನೋಡಿ. ಚಕ್ರದ ಕಾಲುಗಳ ಕೆಳಗೆ ಕಟ್ಟಿಗೆ ತುಂಡುಗಳನ್ನು ತುರುಕಿದ್ದು ಸರಿಯುತ್ತಿದೆಯೇ, ಬೋಲ್ಟಿನ ಜಾಗದಲ್ಲಿ ತಂತಿ ಸುತ್ತಿದ್ದಾರೆಯೇ, ತೊಟ್ಟಿಲಿನ ಬಾಗಿಲಿಗೆ ಕೊಂಡಿ ಇದೆಯೇ ಅಥವಾ ದಾರ ಕಟ್ಟಿದ್ದಾರೆಯೇ, ನಡೆಸುವವನು ಕುಡಿದಿದ್ದಾನೆಯೇ, ಗಾಳಿ ಮಳೆ ಎದ್ದರೂ ಓಡಿಸುತ್ತಿದ್ದಾನೆಯೇ. ಒಂದು ಅನುಮಾನ ಬಂದರೂ ಸಾಕು, ವಾಪಸ್ ಬನ್ನಿ. ಇನ್ನೊಂದು ಸಮಸ್ಯೆ ಜನರೇಟರ್ ಮತ್ತು ಹಾಡಿನ ಗದ್ದಲ. ಮೇಲಿನಿಂದ "ನಿಲ್ಸ್ರೀ" ಎಂದು ಚೀರಿದರೆ ಖುಷಿಗೆ ಕೂಗುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಹಾಗಾಗಿ ಗುಂಪಿನಲ್ಲಿ ಇಬ್ಬರು ಕೆಳಗೇ ಉಳಿದು, ನಡೆಸುವವನ ಪಕ್ಕದಲ್ಲಿ ನಿಂತು ಮೇಲಿನವರನ್ನೇ ನೋಡುತ್ತಿರಿ. ಆಮೇಲೆ ಸರದಿ ಬದಲಾಯಿಸಿಕೊಳ್ಳಿ.

ಆದರೂ ಏನಾದರೂ ಆಗಿಯೇ ಬಿಟ್ಟರೆ, ಮೊದಲು ಚಕ್ರ ನಿಲ್ಲಿಸಿ. ಗಾಬರಿಯಲ್ಲಿ ಹಿಂದಕ್ಕೆ ತಿರುಗಿಸಬೇಡಿ, ಕೂದಲು ಅಥವಾ ವೇಲನ್ನು ಕತ್ತರಿಯಿಂದ ಕತ್ತರಿಸಿ. ರಕ್ತ ಬರುವ ಕಡೆ ಶುಭ್ರ ಬಟ್ಟೆ ಒತ್ತಿ ಹಿಡಿಯಿರಿ, ಕೈ ತೆಗೆಯಬೇಡಿ. ಅರಿಶಿನ, ಕಾಫಿ ಪುಡಿ ಹಾಕಬೇಡಿ. ಕಿತ್ತು ಬಂದ ಚರ್ಮವನ್ನು ಎಸೆಯಬೇಡಿ: ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ಬೆರೆಸಿದ ನೀರಿನಲ್ಲಿ ಇಡಿ. ಐಸು ನೇರವಾಗಿ ಚರ್ಮಕ್ಕೆ ತಾಗಬಾರದು. ಜಾತ್ರೆಯಲ್ಲಿ ಸೋಡಾ ಅಂಗಡಿಯಲ್ಲಿ ಐಸ್ ಸಿಗುತ್ತದೆ. 1976ರಷ್ಟು ಹಿಂದೆಯೇ ಹೀಗೆ ಪೂರ್ತಿ ಕಿತ್ತ ತಲೆಚರ್ಮವನ್ನು ಸೂಕ್ಷ್ಮ ರಕ್ತನಾಳಗಳ ಸಮೇತ ಮತ್ತೆ ಜೋಡಿಸಿದ್ದಾರೆ; ಆದರೆ ಗಂಟೆಗಳು ಕಳೆದಷ್ಟೂ ಆ ಅವಕಾಶ ಕಡಿಮೆಯಾಗುತ್ತದೆ. 108ಕ್ಕೆ ಫೋನ್ ಮಾಡಿದಾಗಲೇ ಏನಾಗಿದೆ ಎಂದು ಸ್ಪಷ್ಟವಾಗಿ ಹೇಳಿ, ಪ್ಲಾಸ್ಟಿಕ್ ಸರ್ಜರಿ ಇರುವ ಆಸ್ಪತ್ರೆ ಯಾವುದೆಂದು ಕೇಳಿ.

ಕೊನೆಗೆ ಒಂದು ಕೆಲಸ. ಭಾರತ ಹುಣ್ಣಿಮೆಗೆ ಮುಂಚೆ ಮಾನ್ವಿ ತಹಶೀಲ್ದಾರರಿಗೂ ಜಾತ್ರಾ ಕಮಿಟಿಯ ಹಿರಿಯರಿಗೂ ಒಂದು ಮನವಿ ಕೊಡೋಣ. ಪ್ರತಿ ತೊಟ್ಟಿಲಿನ ತಲೆಯ ಮಟ್ಟದ ಸಂದಿಗೆ ಜಾಲರಿ ಹಾಕಿಸಬೇಕು. ಇಂಜಿನಿಯರ್ ಬಂದು ನೋಡಿದ ದಿನಾಂಕ, ಸಹಿ ಇರುವ ಪತ್ರವನ್ನು ಟಿಕೆಟ್ ಕೊಡುವಲ್ಲಿ ಅಂಟಿಸಬೇಕು. ಕೂದಲು ಬಿಟ್ಟವರಿಗೆ ಕಟ್ಟಿಕೊಳ್ಳಲು ರಬ್ಬರ್ ಬ್ಯಾಂಡ್, ವೇಲು ಇಡಲು ಒಂದು ಪೆಟ್ಟಿಗೆ, ತುರ್ತಿಗೆ ಒಂದು ಕತ್ತರಿ ಅಲ್ಲೇ ಇರಬೇಕು. ಕರಡು ಬರೆದು ನನ್ನ ಅಂಗಡಿಯಲ್ಲಿ ಇಟ್ಟಿದ್ದೇನೆ. ಪ್ರವಾಸದ ಬಟ್ಟೆ ಅಳತೆ ಕೊಡಲು ಬಂದಾಗ ಓದಿ, ಬಿಟ್ಟುಹೋದದ್ದನ್ನು ಸೇರಿಸಿ. ಸಹಿ ನಿಮ್ಮದು ಮೊದಲು, ನಿಮ್ಮ ಅವ್ವಂದಿರದು ಆಮೇಲೆ.

ಪ್ರೀತಿಯಿಂದ,
ನಿಮ್ಮ ಟೈಲರ್ ಅಕ್ಕ
ಸಿರವಾರ